ಕೆಂಚಿಯ ನಾಡಿ

ಇಳಕಲ್ಲಿನ ಟಾಂಗಾ ಕುದುರೆ ಸತ್ತದ್ದು, ಇನ್ನು ಭಯವಿಲ್ಲ ಎಂದು ನಾನು ಹೇಳಿದ ಅರ್ಧ ತಾಸಿನೊಳಗೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹುನಗುಂದದ ದನದ ದವಾಖಾನೆಗೆ ನಾನು ಡಾಕ್ಟರಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಎತ್ತು, ಎಮ್ಮೆ, ಕುರಿಗಳ ಕಾಯಿಲೆಗಳಲ್ಲಿ ಕೈ ಪಳಗಿತ್ತು. ಕುದುರೆಯ ವಿಷಯ ಮಾತ್ರ ಪುಸ್ತಕದಲ್ಲಿ ಓದಿದ್ದೇ ಹೆಚ್ಚು. ಅವತ್ತು ಇಳಕಲ್ಲಿನಿಂದ ಕರೆ ಬಂತೆಂದು ಬಸ್ಸು ಹಿಡಿದು ಹೋದರೆ, ಟಾಂಗಾಗಳು ನಿಲ್ಲುವ ಬೇವಿನ ಮರದ ಕೆಳಗೆ ಒಂದು ಬಿಳಿ ಗಂಡು ಕುದುರೆ ಬಿದ್ದು ಹೊರಳುತ್ತಿತ್ತು. ಏಳುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ದಿಟ್ಟಿಸುವುದು, ಮತ್ತೆ ಬೀಳುವುದು. ಹಿಂದಿನ ದಿನ ಹಗ್ಗ ಬಿಚ್ಚಿಕೊಂಡು ಜೋಳದ ಚೀಲಕ್ಕೆ ಬಾಯಿ ಹಾಕಿತ್ತಂತೆ. ಮೇಲೆ ಹೊಟ್ಟೆ ತುಂಬ ನೀರು ಕುಡಿದಿತ್ತಂತೆ. ಹೊಟ್ಟೆಶೂಲೆ ಎಂದು ತಿಳಿಯಲು ಡಾಕ್ಟರೇ ಆಗಬೇಕಿರಲಿಲ್ಲ.

ನೋವು ಕಡಿಮೆಯಾಗಲೆಂದು ಕೊರಳಿನ ರಕ್ತನಾಳಕ್ಕೆ ಅನಾಲ್ಜಿನ್ ಕೊಟ್ಟೆ. ಒಂದು ತಾಸು ಕಳೆಯಿತು. ಇದ್ದಕ್ಕಿದ್ದಂತೆ ಕುದುರೆ ಒದ್ದಾಟ ನಿಲ್ಲಿಸಿತು. ಎದ್ದು ನಿಂತಿತು. ಕಿವಿ ಜೋಲಿಸಿ ಸುಮ್ಮನಾಯಿತು.

"ಚಾಚಾ, ಇನ್ನ ಭಯಾ ಇಲ್ರಿ. ನೋವು ಇಳೀತು," ಎಂದೆ ನಾನು, ಅದರ ವಯಸ್ಸಾದ ಯಜಮಾನನಿಗೆ.

ಆತ ನನ್ನ ಎರಡೂ ಕೈ ಹಿಡಿದುಕೊಂಡ. ಚಹಾ ತರಿಸಿದ. ಚಹಾದ ಬಸಿ ಇನ್ನೂ ಕೈಯಲ್ಲಿದ್ದಾಗಲೇ ಕುದುರೆಯ ಮೈಮೇಲೆಲ್ಲ ತಣ್ಣನೆ ಬೆವರು ಒಡೆಯಿತು. ತೊಡೆಗಳು ನಡುಗಿದವು. ಗೋಡೆ ಕುಸಿದಂತೆ ಕುಸಿಯಿತು. ಸಂಜೆಯೊಳಗೆ ಊರ ಹೊರಗೆ ಅದರ ಹೊಟ್ಟೆ ಕೊಯ್ದು ನೋಡಿದೆ. ಜಠರ ಉದ್ದಕ್ಕೂ ಹರಿದಿತ್ತು. ಉಬ್ಬಿದ ಜೋಳ ಕರುಳುಗಳ ನಡುವೆ ಚೆಲ್ಲಿತ್ತು. ನೋವು ನಿಂತದ್ದು ನನ್ನ ಸೂಜಿಮದ್ದಿನಿಂದಲ್ಲ. ಬಿಗಿದ ಚೀಲ ಒಡೆದು ಒತ್ತಡ ಇಳಿದದ್ದರಿಂದ. ಚಾಚಾ ಟಾಂಗಾದ ಮೂಕಿಯನ್ನು ಗೋಡೆಗೆ ಒರಗಿಸಿ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ಮೂರನೆಯ ದಿನ ನಾನು ಬಾಗಲಕೋಟೆಯ ಬಸ್ಸು ಹತ್ತಿದೆ. ಅಲ್ಲಿ ಕೆಲಸದಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯ ಪಶುವೈದ್ಯರಿದ್ದರು. ಹರೆಯದಲ್ಲಿ ಕುದುರೆ ಲಾಯಗಳಲ್ಲಿ ದುಡಿದವರು. ನಡೆದದ್ದನ್ನೆಲ್ಲ ಮುಚ್ಚದೆ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ.

"ನಾಡಿ ಎಷ್ಟ ಇತ್ತು?" ಎಂದರು.

ಕುದುರೆ ಸುಮ್ಮನಾದ ಮೇಲೆ ನಾನು ನಾಡಿ ನೋಡಿಯೇ ಇರಲಿಲ್ಲ.

"ಕುದರಿ ವಾಂತಿ ಮಾಡಂಗಿಲ್ಲ ತಮ್ಮಾ. ಒಳಗ ಹೋದದ್ದು ಮ್ಯಾಲ ಬರೂದಿಲ್ಲ. ಅದಕ್ಕ ಹೊಟ್ಟಿ ಉಬ್ಬಿದ್ರ ಮೊದಲ ನಳಗಿ ಹಾಕಿ ಇಳಸಬೇಕು. ಮತ್ತ ಇನ್ನೊಂದು ನೆನಪಿಡು. ನೋವು ನಿಂತ್ರ ಖುಷಿ ಪಡಬ್ಯಾಡ. ನಾಡಿ ಹಿಡಿ. ನೋವಿನ ಜೋಡಿ ನಾಡಿನೂ ಇಳಿದ್ರ ಅದು ಗುಣಾ. ನೋವು ನಿಂತು ನಾಡಿ ಓಡಾಕ ಹತ್ತಿದ್ರ ಅದು ಸಾವು."

ಅವರು ಹಳೆಯ ಪೆಟ್ಟಿಗೆಯಿಂದ ಒಂದು ಉದ್ದನೆಯ ರಬ್ಬರ್ ನಳಿಗೆ ತೆಗೆದು ಕೊಟ್ಟರು. ಮರುದಿನ ಸ್ಟೇಶನ್ ಹತ್ತಿರದ ಒಂದು ಸಾಧು ಟಾಂಗಾ ಕುದುರೆಯ ಮೇಲೆ ಕಲಿಸಿದರು. ನಳಿಗೆಗೆ ಎಣ್ಣೆ ಸವರಿ ಮೂಗಿನ ಹೊಳ್ಳೆಯ ತಳಕ್ಕೆ ಒತ್ತಿ ಸರಿಸಬೇಕು. ಗಂಟಲ ಬಳಿ ತಡೆಯಬೇಕು. ಕುದುರೆ ನುಂಗಿದ ಕ್ಷಣದಲ್ಲೇ ಮುಂದೆ ನೂಕಬೇಕು. ಸರಿಯಾಗಿ ಹೋದರೆ ಕೊರಳಿನ ಎಡಗಡೆ ನಳಿಗೆ ಇಳಿಯುವುದು ಚರ್ಮದ ಕೆಳಗೆ ಕಾಣುತ್ತದೆ. ತುದಿಯನ್ನು ಬಾಯಲ್ಲಿಟ್ಟು ಹೀರಿದರೆ ಗಾಳಿ ಬರಬಾರದು. ಉಸಿರಿನ ಜೊತೆಗೆ ಗಾಳಿ ಆಡಿದರೆ ಅದು ಶ್ವಾಸನಾಳಕ್ಕೆ ಹೋಗಿದೆ. ಅಲ್ಲಿ ಎಣ್ಣೆ ಹೊಯ್ದರೆ ಕುದುರೆಯನ್ನು ಕೈಯಾರೆ ಕೊಂದಂತೆ. ಮೊದಲ ಸಲ ನನ್ನ ನಳಿಗೆ ಹೋದದ್ದು ಶ್ವಾಸನಾಳಕ್ಕೇ. ಎರಡನೆಯ ಸಲ ಜಠರದ ಹುಳಿವಾಸನೆ ಮೂಗಿಗೆ ಬಡಿದಾಗ ಹಿರಿಯರು ತಲೆಯಾಡಿಸಿದರು.

ಹದಿನೈದು ದಿನ ಕಳೆದಿರಬಹುದು. ಸುಗ್ಗಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವ ಹೊತ್ತಿಗೆ ಕಂಬಳಿ ಹೊದ್ದ ಕುರಿಗಾರನೊಬ್ಬ ಕಟ್ಟೆಯ ಮೇಲೆ ಕೂತಿದ್ದ. ಮೂವತ್ತೈದರ ಆಸುಪಾಸು. ಬರಿಗಾಲು, ಮೊಣಕಾಲ ತನಕ ಧೂಳು. ರಾಮಥಾಳ ಹಳ್ಳಿಯ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬಿದ್ದರಂತೆ. ಮುಂಜಾವಿನಲ್ಲೇ ಎದ್ದು ನಡೆದು ಬಂದಿದ್ದ.

"ಸಾಹೇಬ್ರ, ನಮ್ಮ ಕುದರಿ ನೆಲಕ್ಕ ಬಿದ್ದು ಉಳ್ಳಾಡಾಕ ಹತ್ತೈತ್ರಿ. ನಿನ್ನಿ ಮಧ್ಯಾನದಿಂದ ಲದ್ದಿ ಹಾಕಿಲ್ಲ. ಕುರಿ ಅಲ್ರಿ, ಕುದರಿ," ಎಂದು ಎರಡು ಸಲ ಹೇಳಿದ, ನಾನು ತಪ್ಪಾಗಿ ಕೇಳಿಸಿಕೊಂಡು ಬರದೇ ಹೋದೇನೆಂಬಂತೆ.

ಕಂಪೌಂಡರಿಗೆ ನಳಿಗೆ, ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯ ಡಬ್ಬಿ, ಉಪ್ಪು, ಸೋಪು ಎಲ್ಲ ಕಟ್ಟಲು ಹೇಳಿದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಎಷ್ಟೋ ಡಾಕ್ಟರರನ್ನು ಕಂಡವರು. ಬೇರೇನನ್ನೋ ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗೆ ಇಳಿಸಿದ್ದನ್ನು ನೋಡಿದೆ, ಕೇಳಲಿಲ್ಲ. ಎರಡು ಸೈಕಲ್ಲಿನಲ್ಲಿ ಹೊರಟೆವು. ಕುರಿಗಾರ ನನ್ನ ಹಿಂದಿನ ಸೀಟಿನಲ್ಲಿ ಕೂತ. ಕಪ್ಪು ನೆಲದ ಬಿರುಕುಗಳಲ್ಲಿ ಗಾಲಿ ಸಿಕ್ಕಿಕೊಂಡಾಗೆಲ್ಲ ಇಳಿದು ಓಡುತ್ತಿದ್ದ.

ಹೆಣ್ಣು ಕುದುರೆ. ಕೆಂಪು ಬಣ್ಣ, ನನ್ನ ಎದೆಮಟ್ಟದ ನಾಡ ತಳಿ. ಕೆಂಚಿ ಎಂದು ಕರೆಯುತ್ತಿದ್ದರು. ಊರಿಂದೂರಿಗೆ ಹೋಗುವಾಗ ಆ ಮನೆತನದ ಸಂಸಾರವೆಲ್ಲ ಅದರ ಬೆನ್ನ ಮೇಲೆ: ಕಂಬಳಿ, ಪಾತ್ರೆ, ಕುರಿ ತರುಬುವ ಬಲೆ, ನಡೆಯಲಾರದ ಎಳೆಮರಿಗಳು. ಅದರ ತಲೆಯ ಹತ್ತಿರ ಕುರಿಗಾರನ ತಾಯಿ ಕೂತಿದ್ದಳು. ಅರವತ್ತು ದಾಟಿದ, ಒಣಗಿ ಕಡ್ಡಿಯಾದ ಮುದುಕಿ. ಹಣೆಯ ತುಂಬ ಹಳದಿ ಭಂಡಾರ.

ಇಳಕಲ್ಲಿನಲ್ಲಿ ಮಾಡದಿದ್ದದ್ದನ್ನು ಇಲ್ಲಿ ಮೊದಲು ಮಾಡಿದೆ. ದವಡೆಯ ಎಲುಬಿನ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದೆ. ನಿಮಿಷಕ್ಕೆ ಅರವತ್ತೆಂಟು. ಆರೋಗ್ಯದ ಕುದುರೆಗೆ ನಲವತ್ತರ ಹತ್ತಿರ ಇರಬೇಕು. ವಸಡು ಮಂಕಾಗಿತ್ತು, ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ತಿರುಗಿ ಬರಲು ತಡವಾಗುತ್ತಿತ್ತು. ಪಕ್ಕೆಗೆ ಕಿವಿಯಿಟ್ಟೆ. ಕುದುರೆಯ ಹೊಟ್ಟೆ ಎಂದೂ ಸುಮ್ಮನಿರುವುದಿಲ್ಲ, ದೂರದ ಗುಡುಗಿನಂತೆ ಸದ್ದು ಮಾಡುತ್ತಲೇ ಇರುತ್ತದೆ. ಬಲಗಡೆ ಒಂದೆರಡು ಸಣ್ಣ ಸದ್ದು. ಎಡಗಡೆ ಏನೂ ಇಲ್ಲ.

"ಯವ್ವಾ, ಏನ ತಿಂದೈತಿ?"

"ಆ ಬಣವಿ ನೋಡಪಾ," ಎಂದು ಹೊಲದ ಮೂಲೆಯ, ಜೋಳದ ಒಣದಂಟಿನ ಹಳೆಯ ಕಣಿಕೆ ಬಣವೆ ತೋರಿಸಿದಳು. "ಎರಡ ದಿನಾ ಅದಕ್ಕ ಬಾಯಿ ಹಚ್ಚೇತಿ. ಕಟಗಿ ಆಗೇತಿ ಕಣಿಕಿ. ನೀರು ನೋಡಿದ್ರ ದೂರ. ಕುರಿಗೆ ಕುಡಿಸೂದ್ರಾಗ ಇದಕ್ಕ ಕಡಿಮಿ ಬಿತ್ತು. ತಪ್ಪು ನಮ್ದ."

ನಳಿಗೆಗೆ ಎಣ್ಣೆ ಸವರಿದೆ. ಮಗ ಕೆಂಚಿಯ ಕಿವಿ ಹಿಡಿದ. ಮುದುಕಿ ಅದರ ಕಣ್ಣಿಗೆ ಅಂಗೈ ಮುಚ್ಚಿ ಏನೋ ಮಾತಾಡಿಸುತ್ತಿದ್ದಳು. ಮೊದಲ ಪ್ರಯತ್ನಕ್ಕೆ ಮೂಗಿನಿಂದ ರಕ್ತ ಬಂತು. ಹಿಂದೆಗೆದು ಇನ್ನೊಂದು ಹೊಳ್ಳೆಗೆ ಹಾಕಿದೆ. ನುಂಗುವುದನ್ನು ಕಾದೆ. ಕಾದೆ. ಕೊರಳು ಅಲ್ಲಾಡಿದ ಕೂಡಲೇ ನೂಕಿದೆ. ಎಡಗಡೆ ಇಳಿಯುವುದು ಕಂಡಿತು. ಹೀರಿದೆ, ಗಾಳಿಯಿಲ್ಲ. ತುದಿಯನ್ನು ಕೆಳಕ್ಕೆ ಬಗ್ಗಿಸಿ ಬಹಳ ಹೊತ್ತು ಕಾದರೂ ಒಂದು ಗುಟುಕಿನಷ್ಟು ಹಸಿರು ನೀರು ಬಿಟ್ಟರೆ ಏನೂ ಬರಲಿಲ್ಲ. ಜಠರ ತುಂಬಿರಲಿಲ್ಲ. ಅಡಚಣೆ ಇನ್ನೂ ಕೆಳಗಿತ್ತು.

ಈಗ ಉಳಿದದ್ದು ಒಂದೇ ಪ್ರಶ್ನೆ. ಕರುಳಿನಲ್ಲಿ ಮೇವು ಗಟ್ಟಿಯಾಗಿ ಕಟ್ಟಿಕೊಂಡಿದೆಯೋ, ಇಲ್ಲ ಕರುಳೇ ತಿರುಚಿಕೊಂಡಿದೆಯೋ? ಕಟ್ಟಿಕೊಂಡಿದ್ದರೆ ಎಣ್ಣೆ, ನೀರು, ತಾಳ್ಮೆಯಿಂದ ಉಳಿಸಬಹುದು. ತಿರುಚಿದ್ದರೆ ಆ ಹೊಲದಲ್ಲಿ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಎಣ್ಣೆ ಹೊಯ್ದು ಹಿಂಸೆ ಕೊಡುವುದೂ ತಪ್ಪು. ತಿಳಿಯಬೇಕಾದರೆ ಗುದದ್ವಾರದೊಳಗೆ ಕೈ ಹಾಕಿ ಮುಟ್ಟಿ ನೋಡಬೇಕು.

ಉಗುರು ಕತ್ತರಿಸಿಕೊಂಡೆ. ಸೋಪು, ಎಣ್ಣೆ ಹಚ್ಚಿಕೊಂಡೆ. ನನ್ನದು ದಪ್ಪ ಕೈ; ಎಮ್ಮೆಗೆ ಸರಿ, ಈ ಸಣ್ಣ ಪ್ರಾಣಿಗಲ್ಲ. ಮುಂಗೈ ದಾಟುವುದರೊಳಗೆ ಕೆಂಚಿ ಬಿಗಿದು ತಿಣುಕಿತು. ಮತ್ತೆ ಪ್ರಯತ್ನಿಸಿದೆ. ಕೈ ಹೊರಗೆ ತೆಗೆದಾಗ ಬೆರಳಿನ ಗೆಣ್ಣಿನ ಮೇಲೆ ಎಳೆಯಂಥ ರಕ್ತದ ಗೆರೆ. ಕುದುರೆಯ ಆ ಭಾಗದ ಪದರ ತೆಳು. ಹರಿದರೆ ಕೆಲವೇ ದಿನಗಳಲ್ಲಿ ಸಾವು, ಶೂಲೆ ಗುಣವಾದರೂ ಸಾವು. ನಾನು ಹಿಂದೆ ಸರಿದು ನಿಂತೆ. ಮುಂದೇನು ಎಂದು ತೋಚಲಿಲ್ಲ.

ಮುದುಕಿ ನನ್ನ ಕೈ ನೋಡಿದಳು. ತನ್ನದನ್ನು ನೋಡಿಕೊಂಡಳು.

"ನಾ ನೋಡ್ಲ್ಯಾ ಯಪ್ಪಾ? ಕುರಿ ಹೊಟ್ಟ್ಯಾಗ ಅಡ್ಡ ಸಿಕ್ಕ ಮರೀನ ತಗದ ಕೈ ಇದು. ಎಷ್ಟ ತಗದೇನೋ ಲೆಕ್ಕಿಲ್ಲ."

ಕಂಪೌಂಡರು ನನ್ನನ್ನು ಪಕ್ಕಕ್ಕೆ ಕರೆದರು. "ಸರ್, ಹಂಗ ಮಾಡಬ್ಯಾಡ್ರಿ. ಏನರ ಹೆಚ್ಚುಕಮ್ಮಿ ಆತಂದ್ರ ಕೆಟ್ಟ ಹೆಸರು ನಿಮಗ ಬರತೈತಿ. ಡಾಕ್ಟರು ಇದ್ದೂ ಮುದಕಿ ಕಡೆ ಕೈ ಹಾಕ್ಸಿದ್ರಂತ ಊರೆಲ್ಲ ಅಂತಾರ."

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಕಲಿಸಿದವರು ಯಾರೂ ಇದನ್ನು ಒಪ್ಪುತ್ತಿರಲಿಲ್ಲ. ಆದರೆ ನನ್ನ ಗೆಣ್ಣಿನ ಮೇಲಿನ ಆ ಕೆಂಪು ಗೆರೆ ಇನ್ನೂ ಒಣಗಿರಲಿಲ್ಲ. ಆಕೆಯ ಮುಂಗೈ ಜೋಳದ ದಂಟಿನಷ್ಟು ಸಣ್ಣಗಿತ್ತು.

"ಬಳಿ ತಗೀ ಯವ್ವಾ," ಎಂದೆ.

ನಾನೇ ಆಕೆಯ ತೋಳಿಗೆ ಸೋಪು ಹಚ್ಚಿದೆ, ಎಣ್ಣೆ ಸವರಿದೆ. ಕುದುರೆ ಬಿಗಿದಾಗ ನಿಲ್ಲಬೇಕು, ಸಡಿಲವಾದಾಗ ಮಾತ್ರ ಮುಂದೆ ಹೋಗಬೇಕು, ಎಲ್ಲೂ ಬೆರಳ ತುದಿಯಿಂದ ಚುಚ್ಚಬಾರದು ಎಂದೆ. ಆಕೆ ನನ್ನ ಮಾತು ಮುಗಿಯುವುದರೊಳಗೆ ಹಾಗೆಯೇ ಮಾಡುತ್ತಿದ್ದಳು. ಮೊಣಕೈ ಒಳಗೆ ಹೋಯಿತು. ಕೆಂಚಿ ಅಲುಗಲಿಲ್ಲ. ಮುದುಕಿ ಕಣ್ಣು ಮುಚ್ಚಿಕೊಂಡಳು.

"ಎಡಕ್ಕ, ಕೆಳಗ ನೋಡು. ಏನ ಸಿಗತೈತಿ?"

"ತಡಿಯಪಾ... ಐತಿ. ಉದ್ದಕ ಒಂದು ಮುದ್ದಿ ಐತಿ. ನನ್ನ ತೊಡಿಯಷ್ಟ ದಪ್ಪ."

"ಕಲ್ಲಿನಂಗ ಐತೇನು? ಹಗ್ಗಾ ಬಿಗದಂಗ ಎಲ್ಲ್ಯರ ಸಿಗತೈತೇನು? ಗಾಳಿ ತುಂಬಿ ಉಬ್ಬಿದ್ದು ಏನರ?"

ಆಕೆ ತೋಳನ್ನು ನಿಧಾನವಾಗಿ ಎಡಕ್ಕೆ, ಕೆಳಕ್ಕೆ ಸರಿಸಿದಳು.

"ಹಗ್ಗದಂಥಾದ್ದೇನಿಲ್ಲ. ಗಾಳಿನೂ ಇಲ್ಲ. ಮುದ್ದಿ ಐತಿ, ನಾದಿದ ಹಿಟ್ಟಿನಂಗ. ಮ್ಯಾಲಿಂದ ಒತ್ತಿದ್ರ ಗುಣಿ ಬೀಳತೈತಿ, ಗುಣಿ ಹಂಗ ಉಳೀತೈತಿ."

ಪುಸ್ತಕದಲ್ಲಿ ಬರೆದದ್ದೇ ಇದು. ದೊಡ್ಡ ಕರುಳಿನ ತಿರುವಿನಲ್ಲಿ ಮೇವು ಕಟ್ಟಿಕೊಂಡಿದೆ. ಒತ್ತಿದರೆ ಗುಳಿ ಬೀಳುತ್ತದೆ. ತಿರುಚಿಲ್ಲ.

ನಳಿಗೆಯ ಮೂಲಕ ಎರಡು ಲೀಟರ್ ಪ್ಯಾರಾಫಿನ್, ಅದರ ಹಿಂದೆ ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರು ಹೊಯ್ದೆ. ಅನಾಲ್ಜಿನ್ ಕೊಟ್ಟೆ. ಮೇವಿಗೆ ಬಾಯಿ ಹಾಕದಂತೆ ಮುಖಕ್ಕೆ ಬಲೆಯ ಚೀಲ ಕಟ್ಟಿಸಿದೆ. ಮಗ ಹಗ್ಗ ಹಿಡಿದು ಕೆಂಚಿಯನ್ನು ನಿಧಾನವಾಗಿ ನಡೆಸುತ್ತಿದ್ದ. ಓಡಿಸಬಾರದು, ಹೊರಳಲೂ ಬಿಡಬಾರದು. ತಾಸಿಗೊಮ್ಮೆ ನಾಡಿ ಎಣಿಸಿದೆ. ಅರವತ್ತೆಂಟು. ಅರವತ್ತಾರು. ಮತ್ತೆ ಎಪ್ಪತ್ತು.

ಮಧ್ಯಾಹ್ನ ಇಳಿಯಿತು. ಲದ್ದಿ ಬರಲಿಲ್ಲ. ಕೆಂಚಿ ಮತ್ತೆ ಪಕ್ಕೆ ನೋಡತೊಡಗಿತು, ಮಂಡಿಯೂರಲು ಹವಣಿಸಿತು. ಹೊಲದಂಚಿನಲ್ಲಿ ಹೊಗೆ ಕಂಡು ತಿರುಗಿದರೆ, ಮಗ ಹಗ್ಗವನ್ನು ತಾಯಿಗೆ ಕೊಟ್ಟು ಬೆಂಕಿಯಲ್ಲಿ ಕುಡಗೋಲು ಕಾಯಿಸುತ್ತಿದ್ದ.

"ಬರಿ ಹಾಕ್ತೇನ್ರಿ ಸಾಹೇಬ್ರ. ನಮ್ಮಪ್ಪ ಹಿಂಗ ಮಾಡತಿದ್ದ. ನಿಮ್ಮ ಎಣ್ಣಿ ಆತು, ನಳಗಿ ಆತು. ಕಣ್ಣ ಮುಂದ ಸಾಯೂದು ನೋಡ್ಕೊಂತ ಕುಂದ್ರಲೇನು?"

ಅದೇ ಹೊತ್ತಿಗೆ ಕಂಪೌಂಡರು ಕಿಸೆಯಿಂದ ಆ ಕಾಗದ ಬಿಚ್ಚಿದರು. ಒಂದು ಸಣ್ಣ ಗಾಜಿನ ಸೀಸೆ. ಅಡಿಕೆಯಿಂದ ತೆಗೆದ ಹಳೆಯ ಕಾಲದ ಮದ್ದು. ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಕರುಳನ್ನು ಹಿಂಡಿ ಲದ್ದಿ ಹೊರದೂಡಿಸುತ್ತದೆ. "ಹಿಂದಿನ ಡಾಕ್ಟರು ಇದನ್ನ ಕೊಡತಿದ್ರು ಸರ್. ಚುಚ್ಚಿಬಿಡ್ರಿ. ಇತ್ತಾಗರ ಆಗಲಿ, ಅತ್ತಾಗರ ಆಗಲಿ."

ಕೊಡಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ ಸೀಸೆ ಕೈಗೆ ತೆಗೆದುಕೊಂಡೇಬಿಟ್ಟೆ. ಏನಾದರೂ ಮಾಡುತ್ತಿದ್ದೇನೆಂದು ತೋರಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆದರೆ ಗಟ್ಟಿಯಾದ ಮುದ್ದೆ ಇನ್ನೂ ನೆನೆದಿರದಿದ್ದರೆ? ಮುಂದೆ ದಾರಿ ಮುಚ್ಚಿದ್ದು ಹಿಂದಿನಿಂದ ಕರುಳು ಹಿಂಡಿದರೆ ಅದು ಒಡೆಯಬಹುದು. ಒಡೆದಾಗ ಕುದುರೆ ಹೇಗೆ ಸುಮ್ಮನಾಗುತ್ತದೆ ಎಂಬುದನ್ನು ನಾನು ನೋಡಿದ್ದೆ.

"ಇಲ್ಲ," ಎಂದೆ. "ಬರಿನೂ ಬ್ಯಾಡ, ಇದೂ ಬ್ಯಾಡ. ಇನ್ನೊಮ್ಮಿ ನೀರ ಹೊಯ್ಯೂಣು."

ಮಗ ಬೆಂಕಿ ಬಿಟ್ಟು ಏಳಲಿಲ್ಲ. ಆಗ ಮುದುಕಿ ಹಗ್ಗ ಹಿಡಿದೇ ಅಂದಳು: "ಏ, ಕುಡಗೋಲು ತಗೀಲೇ. ಒಳಗ ಐತಿ ಮುದ್ದಿ. ಚರ್ಮ ಸುಟ್ರ ಅದಕ್ಕೇನ ತಿಳೀತೈತಿ? ನೀರ ತಾ."

ಸಂಜೆಯೊಳಗೆ ಇನ್ನೆರಡು ಸಲ ನಳಿಗೆ ಹಾಕಿ ನೀರು ಹೊಯ್ದೆ. ಮುದುಕಿ ಮತ್ತೊಮ್ಮೆ ಕೈ ಹಾಕಿ ನೋಡಿ, ಮುದ್ದೆ ಇದೆ, ಆದರೆ ತುದಿ ಮೆತ್ತಗಾದಂತಿದೆ ಎಂದಳು. ನಾಡಿ ಅರವತ್ತನಾಲ್ಕು. ಎಣ್ಣೆ ತೀರಿತ್ತು. ಹುನಗುಂದಕ್ಕೆ ಹೋಗಿ ತರಲೇಬೇಕಿತ್ತು. ಮದ್ದಿನ ಕಪಾಟಿನ ಕೀಲಿ ನನ್ನ ಹೊಣೆ, ಬೇರೆಯವರ ಕೈಗೆ ಕೊಡುವಂತಿರಲಿಲ್ಲ. ಹೋದರೆ ಮತ್ತೆ ಬೆಳಕು ಹರಿಯುವ ತನಕ ಆ ಬಿರುಕು ದಾರಿಯಲ್ಲಿ ಬರುವಂತಿರಲಿಲ್ಲ.

ರಾತ್ರಿ ಕಾಯಬೇಕಾದ, ಗಡಿಯಾರ ಓದಲು ಬಾರದ ಮುದುಕಿಗೆ ನಾಡಿ ನೋಡುವುದನ್ನು ಹೇಗೆ ಕಲಿಸುವುದು? ಯೋಚಿಸಿ, ಆಕೆಯ ಒಂದು ಕೈಯ ಬೆರಳನ್ನು ಕೆಂಚಿಯ ದವಡೆಯ ಕೆಳಗಿಡಿಸಿದೆ. ಇನ್ನೊಂದು ಕೈಯನ್ನು ಆಕೆಯದೇ ಕೊರಳಿನ ಬಡಿತದ ಮೇಲೆ. ನೆಮ್ಮದಿಯಲ್ಲಿರುವ ಮನುಷ್ಯನ ನಾಡಿ ಎಪ್ಪತ್ತರ ಹತ್ತಿರ.

"ಈಗ ಎರಡೂ ಹತ್ರಹತ್ರ ಕೂಡಿ ಹೊಂಟಾವು. ಇದು ನಿಂದಕ್ಕಿಂತ ಹಿಂದ ಬಿದ್ರ ಚಲೋ. ನಿನ್ನ ದಾಟಿ ಓಡಿದ್ರ ಮಗನ್ನ ಕಳಸು. ಮತ್ತ ಕೆಂಚಿ ಸುಮ್ಮನಾತಂತ ನೀ ಸುಮ್ಮನಾಗಬ್ಯಾಡ. ಅವಾಗ ಜಾಸ್ತಿ ನೋಡು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದರಲ್ಲಿ ಹೇಳುವಂಥದ್ದೇನಿಲ್ಲ. ಮೂಡಣ ಬೆಳ್ಳಗಾಗುವಾಗ ಡಬ್ಬಿ ಕಟ್ಟಿಕೊಂಡು, ಕಂಪೌಂಡರನ್ನು ದವಾಖಾನೆಗೆ ಬಿಟ್ಟು, ಒಬ್ಬನೇ ಹೊರಟೆ. ದಾರಿಯಲ್ಲಿ ಮಗ ಎದುರಾಗುತ್ತಾನೋ ಎಂದು ಪ್ರತಿ ತಿರುವಿನಲ್ಲೂ ನೋಡಿದೆ. ಯಾರೂ ಬರಲಿಲ್ಲ. ಅದು ಒಳ್ಳೆಯ ಸುದ್ದಿಯೋ, ಅವರು ನನ್ನ ಮೇಲೆ ಆಸೆ ಬಿಟ್ಟರೋ ತಿಳಿಯಲಿಲ್ಲ.

ಹೊಲದ ಬದುವಿನಿಂದಲೇ ಕಂಡಿತು. ಕೆಂಚಿ ನೆಲದ ಮೇಲೆ ಅಡ್ಡಬಿದ್ದಿತ್ತು. ಕಾಲು ಚಾಚಿತ್ತು. ಅಲುಗಾಟವಿರಲಿಲ್ಲ. ಸೈಕಲ್ಲು ಕೈಬಿಟ್ಟು ಓಡಿದೆ. ಮುದುಕಿ ಅದರ ತಲೆಯ ಪಕ್ಕದಲ್ಲಿ ಬಗ್ಗಿ ಕೂತಿದ್ದಳು, ಒಂದು ಕೈ ದವಡೆಯ ಕೆಳಗೆ, ಒಂದು ಕೈ ತನ್ನ ಕೊರಳಲ್ಲಿ.

"ಯವ್ವಾ!"

ಆಕೆ ತಲೆಯೆತ್ತಲಿಲ್ಲ. "ಸುಮ್ನಿರಪಾ. ಮಲಗೇತಿ. ನನ್ನ ಎಣಿಕಿ ತಪ್ಪತೈತಿ."

ನಾನೇ ಬೆರಳಿಟ್ಟೆ. ನನ್ನ ಎದೆಯ ಬಡಿತವೇ ಕಿವಿಯಲ್ಲಿ ತುಂಬಿ ಎರಡು ಸಲ ಲೆಕ್ಕ ತಪ್ಪಿತು. ಮೂರನೆಯ ಸಲ ಪೂರ್ತಿ ಒಂದು ನಿಮಿಷ ಎಣಿಸಿದೆ. ನಲವತ್ತಾರು. ಮತ್ತೆ ಎಣಿಸಿದೆ. ನಲವತ್ತಾರೇ. ತುಟಿ ಎತ್ತಿದೆ, ವಸಡು ನಸುಗೆಂಪು. ಪಕ್ಕೆಗೆ ಕಿವಿ ಹಚ್ಚಿದೆ. ಎಡಗಡೆ, ಆಳದಲ್ಲಿ, ಬಂಡಿ ಉರುಳಿದಂತೆ ಸದ್ದು.

ನಮ್ಮ ಗದ್ದಲಕ್ಕೆ ಎಚ್ಚೆತ್ತ ಕೆಂಚಿ ಮುಂಗಾಲೂರಿ ಎದ್ದಿತು. ಮೈ ಕೊಡವಿತು. ಬಾಲ ಎತ್ತಿತು. ಮೊದಲು ಬಿದ್ದವು ಕಪ್ಪಗೆ ಗಟ್ಟಿಯಾದ ನಾಲ್ಕು ಉಂಡೆ. ಆಮೇಲೆ ಎಣ್ಣೆಯಲ್ಲಿ ಮಿಂದು ಹೊಳೆಯುವ ಲದ್ದಿಯ ರಾಶಿ. ಮಗ ಓಡಿಬಂದು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನಾನು ಒಂದು ಉಂಡೆ ಮುರಿದು ನೋಡಿದೆ. ಒಳಗೆ ಅಗಿಯದ ಕಣಿಕೆಯ ಚೂರುಗಳು, ಎಣ್ಣೆಯ ಪಸೆ.

ಮೂರು ಕಲ್ಲಿನ ಒಲೆಯ ಮೇಲೆ ಕುರಿಹಾಲಿನ ಚಹಾ ಆಯಿತು. ತಂಬಿಗೆ ಹಿಡಿದ ನನ್ನ ಕೈ ಅದುರಿ ಚಹಾ ಮೊಣಕಾಲಿಗೆ ಚೆಲ್ಲಿತು. ಮಗ ಅದನ್ನು ನೋಡಿದ.

"ಸಾಹೇಬ್ರ, ನೀವು ಹೆದರಿದ್ರೇನ್ರಿ?"

"ಹೂಂ. ನಿನ್ನಿ ನೀ ಬಂದು ಕಟ್ಟಿ ಮ್ಯಾಲ ಕುಂತಾಗಿಂದ."

ಆತ ನಗಬೇಕೋ ಬೇಡವೋ ತಿಳಿಯದೆ ತಾಯಿಯ ಕಡೆ ತಿರುಗಿದ. ಮುದುಕಿ ಸೆರಗಿನಿಂದ ತೋಳು ಒರೆಸಿಕೊಳ್ಳುತ್ತಿದ್ದಳು.

"ಹೆದರಿದ್ದು ಚಲೋ ಆತು ಬಿಡಪಾ," ಎಂದಳು. "ಹೆದರದಾಂವ ಆಗಿದ್ರ ನನಗ ಕೈ ಹಾಕಾಕ ಬಿಡತಿದ್ದಿಲ್ಲ."

ಬಿಸಿಲು ಬಲೆಯ ಮೇಲೆ ಬಂದಿತ್ತು. ಒಳಗೆ ಮರಿಗಳು ಅರಚುತ್ತಿದ್ದವು. ಆಕೆ ನೆಲಕ್ಕೆ ಕೈಯೂರಿ ಎದ್ದು ಅವುಗಳನ್ನು ಬಿಡಲು ಹೋದಳು. ಕೆಂಚಿ ನೀರಿನ ಬಕೆಟ್ಟಿಗೆ ಮೂಗು ಅದ್ದಿ, ತಲೆಯೆತ್ತದೆ ಕುಡಿಯುತ್ತಲೇ ಇತ್ತು.